ಹಿಸ್ಟರಿಯೋ, ಕ್ರಾನಿಕಲ್ಲೋ?

ಮುಂಬಯಿ ಹತ್ತಿರದ ಡೊಂಬಿವಿಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಈ ಸಲ ಇಂಗ್ಲಿಷ್ ವಿಭಾಗವೂ ಬೇಕಂತೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಓದಲಿ ಅಂತ. ಸಂಘದ ಕಥೆಗೆ ತಲೆಬರಹ ಏನು ಅನ್ನೋದೇ ಜಗಳ.

ಎಲ್ಲರ ಬಾಯಲ್ಲಿ ಮೊದಲು ಬಂದದ್ದು 'ಹಿಸ್ಟರಿ'. ಗ್ರೀಕ್ ಮೂಲದಲ್ಲಿ ಇದರರ್ಥ ವಿಚಾರಿಸಿ ತಿಳಿಯುವುದು. ಹೀಗಾಯಿತು ಅಂದರೆ ಸಾಲದು, ಯಾಕಾಯಿತು ಅಂತಲೂ ಕೇಳಬೇಕು. ಸಂಘ ಒಮ್ಮೆ ಎರಡು ಹೋಳಾದದ್ದು ಯಾಕೆ ಅಂತ ಬರೆಯೋ ಧೈರ್ಯ ಇದ್ದರೆ ಇಟ್ಟುಕೊಳ್ಳಬಹುದು. ನಮಗಿಲ್ಲ!

'ಕ್ರಾನಿಕಲ್' ಹುಟ್ಟಿದ್ದು ಕಾಲ ಎಂಬರ್ಥದ ಗ್ರೀಕ್ ಪದದಿಂದ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದರಾಯಿತು. ಮುಂಬಯಿಗೆ ಹಳೆ ಪರಿಚಯದ ಪದ ಕೂಡ; ಕಾಂಗ್ರೆಸ್ ನಾಯಕ ಫಿರೋಜ್‌ಶಾ ಮೆಹ್ತಾ 1913ರಲ್ಲಿ ಶುರು ಮಾಡಿದ ಪತ್ರಿಕೆ ಬಾಂಬೆ ಕ್ರಾನಿಕಲ್. ನಮ್ಮ ಹಳೆ ಮಿನಿಟ್ಸ್ ಪುಸ್ತಕ ತೆರೆದರೆ ಇದೇ ಧಾಟಿ: "ಯಕ್ಷಗಾನ ಆಯಿತು. ಮಳೆಗೆ ಜನ ಕಮ್ಮಿ. ಉಪ್ಪಿಟ್ಟು ಉಳಿಯಿತು." ಕಾರಣ ಇಲ್ಲ, ತೀರ್ಪು ಇಲ್ಲ.

'ಆನಲ್ಸ್' ಬಂದದ್ದು ಲ್ಯಾಟಿನ್‌ನಲ್ಲಿ ವರ್ಷ ಅನ್ನೋ ಪದದಿಂದ. ವರ್ಷವರ್ಷದ ಲೆಕ್ಕ ಬೇಕು. ನಮ್ಮ 3 ವರ್ಷದ ಕಡತ ಮಳೆನೀರಿಗೆ ಹೋಗಿದೆ. ಅಲ್ಲದೆ ದರ್ಬಾರಿನ ಗತ್ತು ಸ್ವಲ್ಪ ಜಾಸ್ತಿ, ಅಲ್ವಾ?

'ಮೆಮೊಯರ್' ಒಬ್ಬರ ನೆನಪು. ಮುಂಬಯಿಯ ಫೋರ್ಟ್‌ನಲ್ಲಿ ಹೋಟೆಲ್ ಕೆಲಸ ಮಾಡುತ್ತಾ ರಾತ್ರಿ ಶಾಲೆಗೆ ಹೋದ ನಮ್ಮ ಹಿರಿಯರೊಬ್ಬರ ಬರಹಕ್ಕೆ ಸರಿ, ಇಡೀ ಸಂಘಕ್ಕಲ್ಲ. 'ರೆಕಾರ್ಡ್ಸ್' ಅಂದರೆ ಸುಮ್ನೆ ಕಾಗದಪತ್ರ. ಅಡುಗೆಗೆ ತಂದ ಸಾಮಾನು, ಅಡುಗೆ ಅಲ್ಲ.

ನನ್ನ ಓಟು ಕ್ರಾನಿಕಲ್‌ಗೆ. ಕಾರ್ಯದರ್ಶಿಗಳು ಮಾತ್ರ ಹಿಸ್ಟರಿನೇ ಇರಲಿ ಅಂತ ಹಟ ಹಿಡಿದಿದ್ದಾರೆ.