733 ರೂಪಾಯಿ 60 ಪೈಸೆ ಬಿಲ್ಲು ಮತ್ತು ಗುತ್ತಲು ರಸ್ತೆಯ ಜೆರಾಕ್ಸ್ ಅಂಗಡಿ

ಮಂಡ್ಯದ ಗುತ್ತಲು ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಪಹಣಿ, ಆಧಾರ್, ಪಾನ್ ಕಾರ್ಡ್ ಅಂತೆಲ್ಲ ಬರೆದಿದೆ. ಡೀಸೆಲ್ ಡಿಫರೆನ್ಸ್, ಅಂದರೆ ಡೀಸೆಲ್ ದರ ಏರಿದಾಗ ಬಾಡಿಗೆ ಜೊತೆ ಬರಬೇಕಾದ ಹೆಚ್ಚಿನ ದುಡ್ಡು, ಅದರ ಲೆಕ್ಕ ಮಾಡಿಕೊಡುತ್ತಾರೆ ಅಂತ ಎಲ್ಲೂ ಇಲ್ಲ. ಆದರೆ ತಿಂಗಳ ಮೊದಲ ವಾರ ನಮ್ಮಂಥ ಲಾರಿಯವರು ಅಲ್ಲಿ ಟ್ರಿಪ್ ಶೀಟ್ ಹಿಡಿದು ಕೂತಿರುವುದು ಅದಕ್ಕೇ.

ನನ್ನದು ಒಂದೇ ಗಾಡಿ, ಹತ್ತು ಚಕ್ರದ್ದು. ಓನರೂ ನಾನೇ, ಡ್ರೈವರೂ ನಾನೇ. ನಂಜನಗೂಡು ಕಡೆಯ ಒಂದು ಕಂಪನಿಯಿಂದ ಬೆಂಗಳೂರಿಗೆ ಲೋಡು ಹೊಡೆಯುತ್ತೇನೆ. ಬಾಡಿಗೆ ಕಿಲೋಮೀಟರ್ ಲೆಕ್ಕ. 2024ರ ಮೇ ತಿಂಗಳಲ್ಲಿ ಅಗ್ರಿಮೆಂಟ್ ಆದಾಗ ಡೀಸೆಲ್ ಬೇಸ್ ರೇಟು (ಏರಿಕೆ ಲೆಕ್ಕ ಹಾಕುವ ಮೂಲ ದರ) 86 ರೂಪಾಯಿ, ಮೈಲೇಜ್ ಲೀಟರ್‌ಗೆ 5 ಕಿಲೋಮೀಟರ್ ಅಂತ ಬರೆದರು. ನಾನು ಸೈನ್ ಹಾಕಿದೆ. ಓದಿದೆನಾ ಅಂತ ಕೇಳಬೇಡಿ.

ಮುಂದಿನ ತಿಂಗಳೇ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು. ಲೀಟರ್‌ಗೆ ಮೂರು ರೂಪಾಯಿ ಚಿಲ್ಲರೆ ಜಾಸ್ತಿಯಾಯಿತು. ಕಂಪನಿಯವರು ಒಂದು ಪೈಸೆ ಕೊಡಲಿಲ್ಲ. 2025ರ ಏಪ್ರಿಲ್ 1ಕ್ಕೆ ತೆರಿಗೆ ಶೇ 21.17 ಆಯಿತು, ಇನ್ನೂ ಎರಡು ರೂಪಾಯಿ ಏರಿತು. ಆಗಲೂ ಎರಡು ತಿಂಗಳು ಮಾತೇ ಇಲ್ಲ. ಜಗಳ ಮಾಡಿದ ಮೇಲೆ ಜೂನ್ ತಿಂಗಳಿಗೆ ಡಿಫರೆನ್ಸ್ ಅಂತ ಒಂದು ಚೀಟಿ ಕೊಟ್ಟರು: 5,240 ಕಿಲೋಮೀಟರ್‌ಗೆ 733 ರೂಪಾಯಿ 60 ಪೈಸೆ. ಕಿಲೋಮೀಟರ್‌ಗೆ ಹದಿನಾಲ್ಕು ಪೈಸೆ! ಗನಂಗೂರು ಟೋಲಿನ ಹತ್ತಿರ ಗಾಡಿ ಸೈಡಿಗೆ ಹಾಕಿ ಮೊಬೈಲಿನಲ್ಲಿ ಮೂರು ಸಲ ಲೆಕ್ಕ ಹಾಕಿದೆ. ಹದಿನಾಲ್ಕು ಪೈಸೆ ಎಲ್ಲಿಂದ ಬಂತು ಅಂತ ಗೊತ್ತಾಗಲೇ ಇಲ್ಲ.

ಆಗ ಬಂಕಿನಲ್ಲಿ ಸಿಕ್ಕ ಇನ್ನೊಬ್ಬ ಲಾರಿಯವರು ಈ ಅಂಗಡಿ ಹೇಳಿದರು. ಕೌಂಟರಿನಲ್ಲಿ ಇದ್ದದ್ದು ಇಪ್ಪತ್ತೈದು ವರ್ಷದ ಹುಡುಗ. ಚೀಟಿ ನೋಡಿದವನೇ, 'ಅಣ್ಣ, ಅಗ್ರಿಮೆಂಟ್ ಕೊಡಿ' ಅಂದ. ಕೊಟ್ಟೆ. 'ಕೊನೇ ಹಾಳೆ ಎಲ್ಲಿ?' ಅಂದ. ಅದು ಮನೆಯಲ್ಲಿತ್ತು. ವಾಪಸ್ ಹೋಗಿ ತಂದೆ.

ಅವನು ಕೆಂಪು ಪೆನ್ನಿನಿಂದ ಒಂದು ಸಾಲಿನ ಕೆಳಗೆ ಗೆರೆ ಎಳೆದ. 'ಡೀಸೆಲ್ ದರ ಶೇ 5ಕ್ಕಿಂತ ಜಾಸ್ತಿ ಏರಿದರೆ ವ್ಯತ್ಯಾಸ ಕೊಡಲಾಗುವುದು.' 86 ರೂಪಾಯಿಗೆ ಶೇ 5 ಅಂದರೆ 4.30. ಮೊದಲ ಸಲ ಏರಿದ್ದು ಮೂರು ಚಿಲ್ಲರೆ, ಅದಕ್ಕೇ ಏನೂ ಬರಲಿಲ್ಲ. ಎರಡನೇ ಸಲ ಏರಿದ ಮೇಲೆ ದರ 91, ಒಟ್ಟು ಏರಿದ್ದು 5 ರೂಪಾಯಿ. ಗೆರೆ ದಾಟಿತು. ಆದರೆ ಕಂಪನಿಯವರು ಗೆರೆ ದಾಟಿದ 70 ಪೈಸೆಯನ್ನು ಮಾತ್ರ ಹಿಡಿದಿದ್ದಾರೆ. ಅದನ್ನು 5 ಕಿಲೋಮೀಟರ್‌ನಿಂದ ಭಾಗಿಸಿದರೆ ಹದಿನಾಲ್ಕು ಪೈಸೆ. 'ವ್ಯತ್ಯಾಸ ಅಂತ ಬರೆದಿದ್ದಾರೆ ಅಲ್ವಾ? ಶೇ 5ರ ಮೇಲಿನದ್ದು ಮಾತ್ರ ಅಂತ ಎಲ್ಲಿ ಬರೆದಿದ್ದಾರೆ ತೋರಿಸಿ' ಅಂದ. ಪೂರ್ತಿ ಐದು ರೂಪಾಯಿ ಹಿಡಿದರೆ ಕಿಲೋಮೀಟರ್‌ಗೆ ಒಂದು ರೂಪಾಯಿ. ಜೂನ್ ಒಂದಕ್ಕೇ 5,240 ರೂಪಾಯಿ.

ಬಿಲ್ಲು ಟೈಪ್ ಮಾಡಿ, ತಿಂಗಳ ಒಂದನೇ ತಾರೀಕಿನ ಬಂಕ್ ರಸೀದಿ ಪಿನ್ ಮಾಡಿ ಕೊಟ್ಟ. ನಮ್ಮಲ್ಲಿ 2017ರ ಜೂನ್‌ನಿಂದ ದರ ದಿನಾ ಬೆಳಿಗ್ಗೆ 6ಕ್ಕೆ ಬದಲಾಗಬಹುದು, ಯಾವ ದಿನದ ದರ ಅನ್ನುವುದಕ್ಕೂ ಸಾಕ್ಷಿ ಬೇಕು ಅಂದ. ತಗೊಂಡದ್ದು 150 ರೂಪಾಯಿ.

ಇನ್ನು ದೂರು. ಆ ಬಿಲ್ಲು ಮೊದಲ ಸಲ ವಾಪಸ್ ಬಂತು. ಕಾರಣ, ತಲೆಬರಹದಲ್ಲಿ ಲೀಟರ್ ಬದಲು 'ಗ್ಯಾಲನ್' ಅಂತ ಇತ್ತು! ಈ ಪುಣ್ಯಾತ್ಮ ಅಮೆರಿಕದ ಲಾರಿಯವರ ಶೀಟನ್ನು ಇಳಿಸಿಕೊಂಡು ಅಂಕಿ ಮಾತ್ರ ಬದಲಾಯಿಸಿದ್ದ. ಅಕೌಂಟ್ಸ್ ಸಾರ್ ನನ್ನ ಮುಖ ನೋಡಿ, 'ಯಾವ ದೇಶದಲ್ಲಿ ಗಾಡಿ ಓಡಿಸ್ತೀಯಪ್ಪಾ?' ಅಂದರು. ಅಮೆರಿಕದಲ್ಲಿ ಮೈಲಿ ಲೆಕ್ಕದ ಬಾಡಿಗೆಯಂತೆ. ಅಲ್ಲಿನ ಸರ್ಕಾರದ ಇಂಧನ ಇಲಾಖೆ ವಾರಕ್ಕೊಮ್ಮೆ ಡೀಸೆಲ್ ಸರಾಸರಿ ದರ ಹಾಕುತ್ತದೆ. ಅದರಲ್ಲಿ ಬೇಸ್ ರೇಟು ಕಳೆದು, ಗ್ಯಾಲನ್‌ಗೆ ಎಷ್ಟು ಮೈಲಿ ಅನ್ನುವುದರಿಂದ ಭಾಗಿಸುತ್ತಾರೆ. ಬೇಸ್ 1.20 ಡಾಲರ್, ದರ 3.60, ಗ್ಯಾಲನ್‌ಗೆ 6 ಮೈಲಿ ಆದರೆ ಮೈಲಿಗೆ 40 ಸೆಂಟ್. ಲೆಕ್ಕ ನಮ್ಮದೇ. ಆದರೆ ಎಲ್ಲರೂ ನೋಡುವ ಒಂದೇ ದರ ವಾರ ವಾರ ಸಿಗುತ್ತಲ್ಲ, ಅದು ನಮಗೂ ಇದ್ದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಗ್ಯಾಲನ್ ತೆಗೆಸಿ ಮತ್ತೆ ಕೊಟ್ಟೆ. ಹದಿನೈದು ದಿನ ಓಡಾಡಿಸಿದರು. ಕೊನೆಗೆ ಒಪ್ಪಿದರು. ಏಪ್ರಿಲ್, ಮೇ ತಿಂಗಳದ್ದೂ ಸೇರಿಸಿ ಎರಡು ಕಂತಿನಲ್ಲಿ ಬಂತು.

ಮೈಲೇಜ್ ವಿಷಯ ಮಾತ್ರ ಹಾಗೇ ಉಳಿದಿದೆ. ಲೋಡಿನಲ್ಲಿ ನನ್ನ ಗಾಡಿ ನಾಲ್ಕರ ಮೇಲೆ ಕೊಡುವುದಿಲ್ಲ. 4 ಅಂತ ಹಿಡಿದರೆ ಕಿಲೋಮೀಟರ್‌ಗೆ 1.25 ಬರಬೇಕು, ಜೂನ್‌ಗೆ 6,550. ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ ಅಂದ ಹುಡುಗ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ರೀಡಿಂಗ್ ಬರೆದು, ಹತ್ತು ಟ್ರಿಪ್ಪಿನ ರಸೀದಿ ತನ್ನಿ ಅಂದಿದ್ದಾನೆ. ಈಗ ಏಳಾಗಿದೆ. ಹೊಗೆ ಶುದ್ಧ ಮಾಡಲು ಗಾಡಿಗೆ ಹಾಕುವ ಯೂರಿಯಾ ದ್ರವದ ಖರ್ಚು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ಅದು ನಮ್ಮ ಕರ್ಮ.

ಅಂಗಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೂರಲು ಎರಡೇ ಸ್ಟೂಲು. ಕರೆಂಟ್ ಹೋದರೆ ಕೆಲಸ ನಿಂತಿತು. ಕಾಲೇಜು ಅಡ್ಮಿಷನ್ ಸಮಯದಲ್ಲಿ ಹೋದರೆ ಮಕ್ಕಳ ಮಧ್ಯೆ ನಿಮ್ಮನ್ನು ಯಾರೂ ಮಾತಾಡಿಸಲ್ಲ. ಬೆಳಿಗ್ಗೆ ಹತ್ತರೊಳಗೆ ಹೋಗಿ. ಅಗ್ರಿಮೆಂಟಿನ ಕೊನೇ ಹಾಳೆ ಮರೆಯಬೇಡಿ.