ಹತ್ತು ಪಟ್ಟಿನ ಭೂತಗನ್ನಡಿ ತಿದ್ದಿಸಿದ ಒಂದು ಚೀಟಿ

ಮಿನ್ಸ್ಕ್‌ನ ಬೆಲೋಮೊ ಕಂಪನಿಯ ಹತ್ತು ಪಟ್ಟಿನ ಮಡಚುವ ಭೂತಗನ್ನಡಿ ನನ್ನ ಕೈ ಸೇರಿ ಎಂಟು ತಿಂಗಳಾಯಿತು. ಕೊಟ್ಟದ್ದು ಮೂರು ಸಾವಿರಕ್ಕೂ ಹೆಚ್ಚು. ಕಲಬುರಗಿಯಲ್ಲಿ ಭೂವಿಜ್ಞಾನ ಕಲಿಸುವ ನನಗೆ ಅದು ಸಣ್ಣ ಮೊತ್ತವಲ್ಲ. ಆದರೂ ಸಿಹಿನೀರಿನ ಬಸವನಹುಳುಗಳ ಪಳೆಯುಳಿಕೆ ನೋಡುವವರು ಬೇರೆಲ್ಲಕ್ಕಿಂತ ಮೊದಲು ಇದನ್ನು ಕೊಳ್ಳಲಿ.

ಇದಕ್ಕೂ ಮುನ್ನ ಆನ್‌ಲೈನ್‌ನಲ್ಲಿ ತರಿಸಿದ್ದ ಅಗ್ಗದ ಮಸೂರದ ಮೇಲೆ ‘30 ಪಟ್ಟು’ ಎಂದು ಕೆತ್ತಿತ್ತು. ನಡುವೆ ಜೋಳದ ಕಾಳಿನಷ್ಟು ಜಾಗ ಮಾತ್ರ ಸ್ಪಷ್ಟ, ಸುತ್ತಲೂ ನೀಲಿ ಹಳದಿ ಬಣ್ಣದ ಸೆರಗು. ಚಿಪ್ಪಿನ ಸುತ್ತುಗಳ ಉಬ್ಬು, ಅವುಗಳ ನಡುವಿನ ಹೊಲಿಗೆಗೆರೆಯ ಆಳ, ಬಾಯಿಯ ಆಕಾರ ಒಟ್ಟಿಗೆ ಕಂಡರೆ ಹುಳು ಯಾವ ಕುಲದ್ದೆಂದು ಗುರುತಿಸುವುದು ಸುಲಭ. ಬೆಲೋಮೊದಲ್ಲಿ ಮೂರು ಗಾಜುಗಳನ್ನು ಅಂಟಿಸಿರುವುದರಿಂದ ಬಣ್ಣ ಒಡೆಯುವುದಿಲ್ಲ, ಗೆರೆ ಅಂಚಿನವರೆಗೂ ಡೊಂಕಾಗುವುದಿಲ್ಲ. ಮಸೂರವನ್ನು ಕಣ್ಣಿನ ಹತ್ತಿರವೇ ಹಿಡಿದು ಕಲ್ಲನ್ನು ಅದರತ್ತ ತರಬೇಕು; ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಎಲ್ಲವೂ ತಿಳಿಯಾಗುತ್ತದೆ.

ನಮ್ಮ ವಿಭಾಗದ ಪೆಟ್ಟಿಗೆಯಲ್ಲಿ ನಾಗಪುರದ ಕಡೆಯಿಂದ ತಂದ ಬೂದು ಚಕಮಕಿ ಕಲ್ಲೊಂದಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಒಂದು ಲಾವಾ ಹರಿವಿಗೂ ಮತ್ತೊಂದಕ್ಕೂ ನಡುವೆ ನಿಂತ ಕೆರೆಯೊಂದರ ಕೆಸರು ಅದು. ಅದರಲ್ಲಿ ಭತ್ತದ ಕಾಳಿನಷ್ಟು ಉದ್ದದ ಚಿಪ್ಪು, ಬಾಯಿ ಕಲ್ಲಿನೊಳಗೆ ಹೂತಿದೆ. ಚೀಟಿಯಲ್ಲಿ ‘ಲಿಮ್ನಿಯಾ’ ಎಂದು ಬಸವನಹುಳುಗಳ ಒಂದು ಕುಲದ ಹೆಸರಿತ್ತು. ಬಾಯಿ ಕಾಣದಿದ್ದಾಗ ಹೊಲಿಗೆಗೆರೆಯೇ ಗತಿ: ಶಿಖರ, ಅಂದರೆ ಚಿಪ್ಪಿನ ಚೂಪು ತುದಿ, ಮೇಲಿಟ್ಟು ನೋಡಿದಾಗ ಗೆರೆ ಎಡಕ್ಕೆ ಇಳಿದರೆ ಬಲಸುರುಳಿ, ಬಲಕ್ಕೆ ಇಳಿದರೆ ಎಡಸುರುಳಿ. ಲಿಮ್ನಿಯಾ ಬಲಸುರುಳಿ; ಫೈಸಾ ಎಡಸುರುಳಿ. ಇಲ್ಲಿ ಗೆರೆ ಎಡಕ್ಕೇ ಇಳಿದಿತ್ತು. ಹಳೆಯ ಮಸೂರದಲ್ಲಿ ನೋಡಿ ನಾನೂ ಚೀಟಿಗೆ ತಲೆಯಾಡಿಸಿದ್ದೆ.

ಹೊಸದರಲ್ಲಿ ಮತ್ತೆ ನೋಡಿದ ದಿನ ಬಲಗಡೆಯ ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ಉಬ್ಬಿದ ಚಿಪ್ಪಾಗಿದ್ದರೆ ನೆರಳು ಎಡಕ್ಕಿರಬೇಕು. ಇಲ್ಲಿ ಕಿಟಕಿಯ ಕಡೆಯ ಅಂಚೇ ಕತ್ತಲಾಗಿತ್ತು. ಅದು ಚಿಪ್ಪಲ್ಲ, ಚಿಪ್ಪು ಕರಗಿಹೋದ ಮೇಲೆ ಉಳಿದ ತಗ್ಗು! ತಗ್ಗಿನಲ್ಲಿ ಎಡಬಲ ಅದಲುಬದಲಾಗಿರುತ್ತದೆ. ಮಗಳ ಆಟದ ಜೇಡಿಯನ್ನು ಒತ್ತಿ ಮೆಲ್ಲಗೆ ಬಿಡಿಸಿದೆ. ಜೇಡಿಯ ಮೇಲೆ ಮೂಡಿದ ಗೆರೆ ಬಲಕ್ಕೆ ಇಳಿದಿತ್ತು. ಗಿಡ್ಡ ಶಿಖರ, ಊದಿಕೊಂಡ ಕೊನೆಯ ಸುತ್ತು: 1840ರಲ್ಲಿ ಇಂಗ್ಲೆಂಡಿನ ಚಿಪ್ಪುತಜ್ಞ ಸೋವರ್ಬಿ ‘ಫೈಸಾ ಪ್ರಿನ್ಸೆಪಿ’ ಎಂದು ಹೆಸರಿಟ್ಟ, ಈಗ ಪ್ಲಾಟಿಫೈಸಾ ಕುಲಕ್ಕೆ ಸೇರಿಸಿರುವ ಜೀವಿಯ ಮರಿಯಂತೆಯೇ ಇತ್ತು. ಹಳೆಯ ಚೀಟಿಯನ್ನು ಕೀಳದೆ ಕೆಳಗೆ ಹೊಸದನ್ನು ಅಂಟಿಸಿದ್ದೇನೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಪೂಜೆಯವರು ಅಪರೂಪವೆಂದು ಕೊಂಡಾಡುವ ಬಲಮುರಿ ಶಂಖ ನಮ್ಮ ಶಾಸ್ತ್ರದಲ್ಲಿ ಎಡಸುರುಳಿ. ಅವರು ಶಿಖರವನ್ನು ಕೆಳಗೆ ಮಾಡಿ ಬಾಯಿ ಯಾವ ಕಡೆಗಿದೆಯೆಂದು ನೋಡುತ್ತಾರೆ, ನಾವು ಮೇಲೆ ಮಾಡಿ.

ಹೆಬ್ಬೆರಳಿಗಿಂತ ದೊಡ್ಡದಾಗಿ ಬೆಳೆದ ಫೈಸಾ ಪೂರ್ತಿಯಾಗಿ ಈ ಗಾಜಿನಲ್ಲಿ ಹಿಡಿಸದು, ಅದಕ್ಕೆ ಬರಿಗಣ್ಣೇ ಸಾಕು. ಚಿಪ್ಪಿನೊಳಗೆ ತುಂಬಿ ಗಟ್ಟಿಯಾದ ಕೆಸರಿನ ಅಚ್ಚಿನಲ್ಲಿ ಹೊರಮೈಯ ಬೆಳವಣಿಗೆಯ ಗೆರೆ ಹುಡುಕಲು ಯಾವ ಮಸೂರವೂ ನೆರವಾಗದು. ಉಳಿದದ್ದಕ್ಕೆಲ್ಲ ಇದು ಜೇಬಿನಲ್ಲಿರಲಿ, ಜೊತೆಗೆ ಒಂದು ಚಿಟಿಕೆ ಜೇಡಿಯೂ ಇರಲಿ.