ಹಳೆ ಮಿಲ್ ಜಾಗವೋ, ಹೊಸ ಪ್ಲಾಟೋ?

ದಾವಣಗೆರೆಯಲ್ಲಿ ಶೆಡ್ ಹಾಕಲು ಜಾಗ ನೋಡುತ್ತಿದ್ದೀರಾ? ಊರೊಳಗಿನ ಹಳೆ ಮಿಲ್ ಜಾಗಕ್ಕೆ ರಸ್ತೆ, ಕರೆಂಟು, ಪೇಟೆ ಎಲ್ಲ ಹತ್ತಿರ. ಆದರೆ ಬಣ್ಣ, ಎಣ್ಣೆ ಕುಡಿದ ನೆಲವಾಗಿದ್ದರೆ ಮಣ್ಣು, ಬೋರ್‌ವೆಲ್ ನೀರು ಎರಡನ್ನೂ ಪರೀಕ್ಷೆ ಮಾಡಿಸದೆ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಅಮೆರಿಕದಲ್ಲಿ 2002ರ ಕಾನೂನಿನಡಿ ಇಂಥ ನೆಲ ಶುಚಿ ಮಾಡಲು ಅನುದಾನವಿದೆ, ಅದೂ ಹೆಚ್ಚಾಗಿ ಸ್ಥಳೀಯ ಸಂಸ್ಥೆಗಳಿಗೆ. ನಮ್ಮಲ್ಲಿ ಕೇಂದ್ರದ 2025ರ ನಿಯಮ, ಕೆಡಿಸಿದವರೇ ಖರ್ಚು ಹೊರಬೇಕು ಎನ್ನುತ್ತದೆ. ಅವರು ಸಿಗದಿದ್ದಾಗ, ಇಲ್ಲವೇ ಅವರ ಕೈಲಾಗದಿದ್ದಾಗ ಸರ್ಕಾರದ ದುಡ್ಡಿನ ಮಾತು. ಅಲ್ಲಿವರೆಗೆ ಬ್ಯಾಂಕ್ ಬಡ್ಡಿ ಕಾಯುತ್ತಾ?

ಕೈಗಾರಿಕಾ ಪ್ರದೇಶದ ಪ್ಲಾಟು ಊರಾಚೆ, ಓಡಾಟ ಜಾಸ್ತಿ. ಆದರೆ ನೆಲದ ತಲೆನೋವು ಕಮ್ಮಿ, ಅಲ್ವಾ? ರಾಜ್ಯದ 2025-30ರ ಕೈಗಾರಿಕಾ ನೀತಿಯ ಬಂಡವಾಳ ಸಬ್ಸಿಡಿ ನಿಮ್ಮ ಹೂಡಿಕೆಗೆ, ಹಿಂದಿನವರು ಬಿಟ್ಟ ಕೊಳೆಗಲ್ಲ. ಕೈ ಬಿಗಿ ಇದ್ದರೆ ನಾನು ಪ್ಲಾಟೇ ಹಿಡಿಯುತ್ತೇನೆ. ಬರೀ ಗೋದಾಮಾದರೆ ಮಿಲ್ ಜಾಗ ನೋಡಬಹುದು, ಪರೀಕ್ಷೆಯ ವರದಿ ಮುಂದಿಟ್ಟು ಚೌಕಾಸಿ ಮಾಡಿ.